ಅಂಗಳದಲ್ಲೊಂದು ನೆಗೆಮಂಚ

ಮಕ್ಕಳ ಆಟದ ಸಾಮಾನುಗಳಲ್ಲಿ ಮನೆಯ ಹಿರಿಯರನ್ನು ವಾರಗಟ್ಟಲೆ ಚರ್ಚೆಗೆ ಕೂರಿಸುವಂಥವು ಬಲು ವಿರಳ. ಬುಗುರಿಯನ್ನೋ ಚೆಂಡನ್ನೋ ಕೊಳ್ಳುವಾಗ ಯಾರೂ ಪಂಚಾಯಿತಿ ಸೇರಿಸುವುದಿಲ್ಲ. ಜಾತ್ರೆಯಲ್ಲಿ ಕೊಂಡ ಪೀಪಿ ಮನೆ ಸೇರುವುದರೊಳಗೆ ಮುರಿದುಹೋದರೆ ಅದಕ್ಕಾಗಿ ದುಃಖಪಡುವವನು ಊದಿದವನೇ ಹೊರತು ಕೊಂಡವನಲ್ಲ. ಕೊಂಡವನಿಗೆ ಒಳಗೊಳಗೇ ಸಮಾಧಾನವೂ ಇರಬಹುದು. ಟ್ರ್ಯಾಂಪೊಲೀನೆಂಬ ವಸ್ತುವಿನ ವಿಚಾರ ಹಾಗಲ್ಲ. ಅದು ಹತ್ತು ಹನ್ನೆರಡು ಅಡಿ ಅಡ್ಡಗಲದ ಉಕ್ಕಿನ ಬಳೆ. ಬಳೆಯ ಒಳಸುತ್ತಿಗೆ ಹತ್ತಾರು ಸ್ಪ್ರಿಂಗುಗಳು. ಸ್ಪ್ರಿಂಗುಗಳು ಎಲ್ಲ ದಿಕ್ಕಿನಿಂದಲೂ ಬಿಗಿದೆಳೆದು ಹಿಡಿದ ಕಪ್ಪು ಚಾಪೆ. ಹೊರಸುತ್ತಿಗೆ ಆಳೆತ್ತರದ ಬಲೆ. ಬೆಲೆ ಮೂವತ್ತು ನಲವತ್ತು ಸಾವಿರ ರೂಪಾಯಿಗಳ ಆಸುಪಾಸು. ಮೊಬೈಲಿನಲ್ಲಿ ಬೆರಳೊತ್ತಿದರೆ ಎರಡು ಭಾರಿ ಪೆಟ್ಟಿಗೆಗಳಲ್ಲಿ ಬಂದಿಳಿಯುತ್ತದೆ. ಬಂದ ಮೇಲೆ ಇದನ್ನು ಅಟ್ಟದ ಮೂಲೆಯಲ್ಲಿ ಮುಚ್ಚಿಡುವುದು ಸಾಧ್ಯವಿಲ್ಲ. ಆದುದರಿಂದ ಯೋಚನೆಯೆಲ್ಲ ಅದು ಬರುವ ಮೊದಲೇ ಆಗಬೇಕಾಗಿದೆ.

ಕನ್ನಡದಲ್ಲಿ ಇದಕ್ಕೊಂದು ಹೆಸರು ಇನ್ನೂ ನೆಲೆಗೊಂಡಿಲ್ಲ. ಹಾರುವುದು, ನೆಗೆಯುವುದು, ಜಿಗಿಯುವುದು, ಕುಪ್ಪಳಿಸುವುದು, ಲಂಘಿಸುವುದು—ನೆಲವನ್ನು ಬಿಡುವ ಒಂದೊಂದು ಬಗೆಗೂ ಒಂದೊಂದು ಕ್ರಿಯಾಪದವನ್ನು ಇಟ್ಟುಕೊಂಡಿರುವ ಭಾಷೆಗೆ ಇದೊಂದು ಕೊರತೆಯಲ್ಲ. ವಸ್ತು ಬಂದರೆ ಹೆಸರೂ ಬರುತ್ತದೆ. ಸದ್ಯಕ್ಕೆ ನೆಗೆಮಂಚವೆಂದು ಕರೆದರೆ ಅಡ್ಡಿಯಿಲ್ಲ. ಮಂಚದ ಮೇಲೆ ನೆಗೆಯಬೇಡವೆಂದು ತಲೆಮಾರುಗಳಿಂದ ಗದರಿಕೊಂಡು ಬಂದ ತಾಯಂದಿರಿಗೆ, ನೆಗೆಯುವುದಕ್ಕೆಂದೇ ಹಣ ತೆತ್ತು ಮಂಚ ತರಿಸುವ ಕಾಲ ಬಂದಿತಲ್ಲವೆಂಬ ವಿನೋದವೂ ಆ ಹೆಸರಿನಲ್ಲಿ ಉಳಿದುಕೊಳ್ಳುತ್ತದೆ.

ಈ ಮಂಚದ ಹುಟ್ಟು ಸರ್ಕಸ್ಸಿನ ಗುಡಾರದಲ್ಲಿ ಆದುದು. ಅಮೆರಿಕದ ಅಯೋವಾ ಸಂಸ್ಥಾನದಲ್ಲಿ 1914ರಲ್ಲಿ ಹುಟ್ಟಿದ ಜಾರ್ಜ್ ನಿಸೆನ್ ಎಂಬ ಹುಡುಗ, ಎತ್ತರದ ತೂಗುಪಟ್ಟಿಯಿಂದ ಕೈಬಿಟ್ಟ ಆಟಗಾರರು ಕೆಳಗಿನ ರಕ್ಷಣಾಬಲೆಗೆ ಬಿದ್ದು, ಬಲೆಯ ಎಸೆತದಿಂದಲೇ ಇನ್ನೊಂದು ಪಲ್ಟಿ ಹೊಡೆದು ಮುಗುಳ್ನಗುತ್ತ ಇಳಿಯುವುದನ್ನು ಕಂಡು ಬೆರಗಾದನಂತೆ. ಉಳಿದ ಪ್ರೇಕ್ಷಕರು ಮೇಲೆ ನೋಡುತ್ತಿದ್ದಾಗ ಈತ ಕೆಳಗೆ ನೋಡಿದ. ಮುಂದೆ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಅಂಗಸಾಧನೆಯ ಪಟುವಾಗಿದ್ದಾಗ, 1934ರಲ್ಲಿ, ತನ್ನ ಶಿಕ್ಷಕ ಲ್ಯಾರಿ ಗ್ರಿಸ್‌ವೋಲ್ಡರೊಡನೆ ಸೇರಿ ಮೊದಲ ನೆಗೆಮಂಚವನ್ನು ಕಟ್ಟಿದ. ಮೂರು ವರ್ಷಗಳ ತರುವಾಯ ಮೆಕ್ಸಿಕೋ ದೇಶದಲ್ಲಿ ಪ್ರದರ್ಶನ ಕೊಡುತ್ತಿದ್ದಾಗ, ಈಜುಗೊಳಕ್ಕೆ ಧುಮುಕುವ ಹಲಗೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ಬಳಸುವ ಮಾತು ಕಿವಿಗೆ ಬಿದ್ದಿತು. ಅದನ್ನೇ ಕೊಂಚ ತಿದ್ದಿ ತನ್ನ ಸರಕಿಗೆ ಹೆಸರಾಗಿಸಿಕೊಂಡ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಿಗೆ ಆಕಾಶದಲ್ಲಿ ದಿಕ್ಕುತಪ್ಪದಂತೆ ತರಬೇತಿ ಕೊಡುವುದಕ್ಕೆ ಇದು ಒದಗಿತು. 1964ರಲ್ಲಿ ಲಂಡನ್ನಿನಲ್ಲಿ ಮೊದಲ ವಿಶ್ವ ಪಂದ್ಯಾವಳಿ. 2000ದ ಸಿಡ್ನಿ ಒಲಿಂಪಿಕ್ ಕೂಟದಲ್ಲಿ ಪದಕದ ಗೌರವ. ಕಾಂಗರೂವಿನ ಜೊತೆಯಲ್ಲಿ ತಾನೂ ಗಾಳಿಯಲ್ಲಿ ತೇಲುತ್ತಿರುವ ಛಾಯಾಚಿತ್ರವನ್ನು 1960ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆಸಿಕೊಂಡಿದ್ದ ಈ ವಿನೋದಪ್ರಿಯ, 2010ರಲ್ಲಿ, ತೊಂಬತ್ತಾರು ವರ್ಷ ಬಾಳಿ ತೀರಿಕೊಂಡ. ನಮ್ಮ ನೆರೆಯ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಷ್ಟು ಹಿಂದೆಯೇ ಸರ್ಕಸ್ಸಿನ ಶಾಲೆ ತೆರೆದಿದ್ದರು. ಅಂಥದೇ ಬಲೆಗಳು ಇಲ್ಲಿಯೂ ಇದ್ದುವು. ಆದರೆ ಅದರ ಮೇಲೆ ಬೀಳುವುದನ್ನು ಹೊಟ್ಟೆಪಾಡಿನ ಅಪಾಯವೆಂದು ಕಂಡೆವೇ ಹೊರತು ಸರಕಾಗಬಹುದೆಂದು ನಾವು ಊಹಿಸಲಿಲ್ಲ.

ಹಾಗೆಂದು ಮಲೆನಾಡಿನ ಮಕ್ಕಳು ನೆಗೆತದ ಸುಖವನ್ನು ಅರಿಯದವರೆಂದು ಯಾರೂ ತಿಳಿಯಬಾರದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಹಳ್ಳ ದಾಟುವುದಕ್ಕೆ ಅಡಿಕೆಮರದ ಸಂಕವೆಂಬುದೊಂದಿತ್ತು. ಕೆಲವೆಡೆ ಇನ್ನೂ ಇದೆ. ಎರಡು ಮೂರು ಮರಗಳನ್ನು ಜೋಡಿಸಿ ಹಾಸಿದ ಆ ಸಂಕದ ನಟ್ಟನಡುವೆ ನಿಂತು ಮೆಲ್ಲನೆ ಮಂಡಿ ಬಾಗಿಸಿದರೆ ಸಂಕವೂ ಬಾಗುತ್ತದೆ, ಬಿಟ್ಟರೆ ಎತ್ತುತ್ತದೆ. ಶಾಲೆಗೆ ಹೋಗುವ ಹುಡುಗರಲ್ಲಿ ಆ ನಡುವಿನಲ್ಲೊಮ್ಮೆ ಕುಪ್ಪಳಿಸದೆ ದಾಟಿದವರು ಎಷ್ಟು ಮಂದಿ ಸಿಕ್ಕಾರು? ಕೆಳಗೆ ಮಳೆಗಾಲದ ಕೆಂಪು ನೀರು ಭೋರ್ಗರೆಯುತ್ತಿರುವಾಗಲೂ ಹಿಂದಿನವನು ಮುಂದಿನವನನ್ನು ಹೀಗೆ ಕುಣಿಸಿ ಹೆದರಿಸುವುದು ನಡೆದೇ ಇತ್ತು. ಸಂಕದಿಂದ ಬಿದ್ದು ಕೊಚ್ಚಿಹೋದ ಮಕ್ಕಳ ನೆನಪು ಹಲವು ಊರುಗಳಲ್ಲಿದೆ; ಅದರ ಬದಲಿಗೆ ಗಟ್ಟಿಯಾದ ಕಿರುಸೇತುವೆಗಳನ್ನು ಕಟ್ಟುವ ಸರಕಾರಿ ಯೋಜನೆಗಳು ಬಂದುದು ಈ ಕಾರಣದಿಂದಲೇ.

ಕೊನೆಗಾರನನ್ನು ಮರೆಯುವಂತಿಲ್ಲ. ಒಂದು ಅಡಿಕೆಮರದ ತುದಿಯಲ್ಲಿ ಕುಳಿತವನು ಕೊನೆಯನ್ನು ಕೊಯ್ದು, ಹಗ್ಗದ ಮೇಲೆ ಜಾರಿಸಿ, ಕೆಳಗಿಳಿಯದೆ ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುವುದನ್ನು ಕತ್ತೆತ್ತಿ ನೋಡುತ್ತ ನಿಂತ ಬಾಲಕನಿಗೆ ಯಾವ ಸರ್ಕಸ್ಸೂ ಬೇಕಾಗಿರಲಿಲ್ಲ. ಈಚೆಗೆ ಕಾರ್ಬನ್ ಫೈಬರಿನ ಹಗುರವಾದ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊಯ್ಯುವವರು ಹೆಚ್ಚುತ್ತಿದ್ದಾರೆ. ಕೊನೆಗಾರನ ಜೀವಕ್ಕೆ ಅದು ಕ್ಷೇಮ, ಬಾಲಕನ ಕಣ್ಣಿಗೆ ನಷ್ಟ. ಇನ್ನು ಯಕ್ಷಗಾನದ ಮೇಳ ಬಂದು ಹೋದ ಮರುದಿನ ಮನೆಮನೆಯ ಜಗಲಿಯಲ್ಲಿ ದಿಗಿಣ ಹಾಕುವ ಗಂಡುಹುಡುಗರ ಸಂಖ್ಯೆ ಕಡಮೆಯೇನಲ್ಲ. ಸೊಂಟಕ್ಕೆ ತಾಯಿಯ ಸೀರೆ, ತಲೆಗೆ ಹಾಳೆಟೊಪ್ಪಿ, ಎರಡು ಸುತ್ತು ಗಾಳಿಯಲ್ಲಿ, ಮೂರನೆಯದು ಅಕ್ಕಿಯ ಡಬ್ಬದ ಮೇಲೆ.

ಹೀಗಿರುವಾಗ ನೆಗೆಮಂಚದ ಬಯಕೆ ಹುಟ್ಟಿದುದೇತಕ್ಕೆ? ಕಮ್ಮರಡಿಯ ಸುತ್ತಿನ ಯಾವುದಾದರೊಂದು ತೋಟದ ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಮನೆಗೊಂದೇ ಮಗು, ವಯಸ್ಸು ಐದು. ನೆರೆಮನೆಯೆಂದರೆ ಗುಡ್ಡದ ಆ ಬದಿಗೆ ಅರ್ಧ ಮೈಲಿ. ಅಲ್ಲಿರುವುದು ಬೆಂಗಳೂರಿನ ಮಕ್ಕಳ ದೂರವಾಣಿಗಾಗಿ ಕಾಯುವ ಇಬ್ಬರು ವೃದ್ಧರು. ಒಂದು ಕಾಲಕ್ಕೆ ನೂರು ಮಕ್ಕಳ ಗದ್ದಲವಿದ್ದ ಮಲೆನಾಡಿನ ಎಷ್ಟೋ ಸರಕಾರಿ ಶಾಲೆಗಳಲ್ಲಿ ಈಗ ಒಂದಂಕಿಯ ಹಾಜರಿ. ಈ ಮಗು ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗಿ ವ್ಯಾನಿನಲ್ಲಿ ಹಿಂದಿರುಗುತ್ತದೆ; ಗೆಳೆಯರು ವ್ಯಾನಿನಲ್ಲಿಯೇ ಉಳಿದುಬಿಡುತ್ತಾರೆ. ಮನೆಯಲ್ಲಿ ಅಜ್ಜನ ಸಂಗಡ ಎಷ್ಟು ಹೊತ್ತು ಆಡೀತು? ಕೊನೆಗೆ ಕೈ ಮೊಬೈಲಿಗೆ ಹೋಗುತ್ತದೆ. ಅದರ ಬೆಳಕಿನಲ್ಲಿ ಮುಖವಿಟ್ಟು ಕುಳಿತ ಮಗುವನ್ನು ಹೊರಗೆಳೆಯಬೇಕು, ಅಂಗಳದಲ್ಲಿ ಒಂದು ಆಕರ್ಷಣೆಯಿದ್ದರೆ ಭಾನುವಾರ ಅಕ್ಕಪಕ್ಕದ ಊರಿನ ನಾಲ್ಕು ಮಕ್ಕಳಾದರೂ ಬಂದಾರು—ಇದು ತಂದೆತಾಯಿಗಳ ಲೆಕ್ಕಾಚಾರ. ಇದನ್ನು ಹಣದ ಮದವೆಂದೋ ಪೇಟೆಯ ಅನುಕರಣೆಯೆಂದೋ ತಳ್ಳಿಹಾಕುವುದು ನ್ಯಾಯವಲ್ಲ. ಅವರು ಕೊಳ್ಳಹೊರಟಿರುವುದು ಕಬ್ಬಿಣದ ಬಳೆಯನ್ನಲ್ಲ, ಮಗುವಿಗೆ ಜೊತೆಗಾರರನ್ನು.

ಮೊದಲ ತೊಡಕು ಸ್ಥಳದ್ದು. ಗುಡ್ಡವನ್ನು ಕಡಿದು ಮನೆ ಕಟ್ಟುವ ನಾಡಿನಲ್ಲಿ ಸಮತಟ್ಟಾದ ನೆಲವೆಂದರೆ ಅಂಗಳವೊಂದೇ. ಅದರ ಮೇಲುಬದಿಗೆ ದರೆ, ಕೆಳಬದಿಗೆ ತೋಟಕ್ಕಿಳಿಯುವ ಮತ್ತೊಂದು ದರೆ. ನೆಗೆಮಂಚಕ್ಕೆ ತನ್ನ ಅಳತೆಯಷ್ಟೇ ಜಾಗ ಸಾಲದು. ಸುತ್ತಲೂ ನಾಲ್ಕಾರು ಅಡಿ ಬರಿದಾಗಿರಬೇಕು, ಮೇಲೆ ಕೊಂಬೆಯಾಗಲಿ ತಂತಿಯಾಗಲಿ ಇರಬಾರದು. ಅಂಥ ಜಾಗವನ್ನು ಅಂಗಳದಲ್ಲಿ ಬಿಟ್ಟುಕೊಡುವವರಾರು? ದೀಪಾವಳಿಯ ಆಚೀಚೆಗೆ ಕೊಯ್ಲು ಆರಂಭವಾಯಿತೆಂದರೆ ಅಂಗಳ ಅಡಿಕೆಯ ಸೊತ್ತು. ಸುಲಿದು ಬೇಯಿಸಿದ ಅಡಿಕೆ ಬಿಸಿಲಿಗೆ ಹರಡಿದ ಮೇಲೆ ಅಲ್ಲಿ ಕೋಳಿಗೂ ಪ್ರವೇಶವಿಲ್ಲ, ಮೊಮ್ಮಗನಿಗೂ ಇಲ್ಲ. ರಾಶಿ, ಬೆಟ್ಟೆ, ಗೊರಬಲುಗಳ ದರವನ್ನು ದಿನವೂ ಪತ್ರಿಕೆಯಲ್ಲಿ ನೋಡುವ ಅಜ್ಜ ಈ ವಿಷಯದಲ್ಲಿ ಮಾತ್ರ ಯಾರ ರಾಯಭಾರವನ್ನೂ ಒಪ್ಪಲಾರ.

ಎರಡನೆಯದು ಋತುವಿನದು. ಮಗು ಒಳಗೆ ಕುಳಿತು ಚಡಪಡಿಸುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಆಗುಂಬೆಯ ನೆರೆಯಲ್ಲಿ ಮನೆ ಮಾಡಿಕೊಂಡವರಿಗೆ ಆ ನಾಲ್ಕು ತಿಂಗಳ ಮಳೆಯ ವರ್ಣನೆ ಬೇಕಾಗಿಲ್ಲ. ಯಾವಾಗ ನೆಗೆಮಂಚದ ಅಗತ್ಯ ಅತ್ಯಧಿಕವೋ ಆವಾಗಲೇ ಅದು ಹೊರಗೆ ನೆನೆಯುತ್ತ ನಿಂತಿರುತ್ತದೆ: ಸ್ಪ್ರಿಂಗುಗಳಿಗೆ ತುಕ್ಕು, ಚಾಪೆಯ ಮೇಲೆ ಹಾವಸೆ. ಬಿಚ್ಚಿಡಬಹುದಷ್ಟೇ, ಆದರೆ ಅಷ್ಟೊಂದು ಸ್ಪ್ರಿಂಗುಗಳನ್ನು ವರ್ಷಕ್ಕೆರಡು ಬಾರಿ ಬಿಚ್ಚಿ ಜೋಡಿಸುವ ಉತ್ಸಾಹ ಮೊದಲ ವರ್ಷದ್ದು ಮಾತ್ರ. ಬೇಸಗೆಯ ಬಿಸಿಲಾದರೋ ಪ್ಲಾಸ್ಟಿಕ್ಕಿನ ನೇಯ್ಗೆಯನ್ನು ಮೆಲ್ಲಮೆಲ್ಲನೆ ಪುಡಿಯಾಗಿಸುತ್ತದೆ; ಹೊರಗೆ ಗಟ್ಟಿಯಾಗಿ ಕಾಣುವ ಚಾಪೆ, ಬಲೆ ಒಂದು ದಿನ ದಿಢೀರನೆ ಹರಿಯುತ್ತವೆ. ಮನೆಯ ಒಳಗೇ ಇಟ್ಟುಕೊಳ್ಳಬಹುದಾದ ಮೂರಡಿಯ ಸಣ್ಣ ಮಂಚಗಳೂ ಉಂಟು. ಹಿಡಿದುಕೊಳ್ಳಲು ಒಂದು ಹಿಡಿಯಿರುತ್ತದೆ, ಬೆಲೆ ಕೆಲವೇ ಸಾವಿರ. ಹಳೆಯ ತೊಟ್ಟಿಮನೆಗಳ ಜಗಲಿಯಲ್ಲಿ ಅದನ್ನಿಡುವವರು ಮೊದಲು ತಲೆಯ ಮೇಲಿನ ತೊಲೆಯನ್ನು ನೋಡಿಕೊಳ್ಳತಕ್ಕದ್ದು. ನಮ್ಮ ಹಿರಿಯರು ತೊಲೆ ತಗ್ಗಿಸಿ ಕಟ್ಟಿದುದು ಬಂದವರು ತಲೆಬಾಗಲೆಂದು. ನೆಗೆಯುವ ಮಗುವಿಗೆ ಅದು ತಿಳಿಯದು.

ಇಷ್ಟೆಲ್ಲ ಅನುಕೂಲ ಅನನುಕೂಲಗಳ ಮಾತಾಯಿತು. ಮುಖ್ಯವಾದುದು ಬೇರೆಯೇ ಇದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 1977ರಿಂದಲೂ ಈ ಆಟದ ವಿಷಯದಲ್ಲಿ ಎಚ್ಚರಿಸುತ್ತ ಬಂದಿದೆ. ಮನೆಯಲ್ಲಿ ಇದು ಬೇಡವೆಂದು 1999ರಲ್ಲಿ ಹೇಳಿ, 2012ರಲ್ಲಿ ಅನೇಕ ವರ್ಷಗಳ ಗಾಯಗಳ ದಾಖಲೆಗಳನ್ನು ಪರಿಶೀಲಿಸಿ ಮತ್ತೆ ಅದೇ ಅಭಿಪ್ರಾಯಕ್ಕೆ ಬಂದಿತು. ಆ ವರದಿಯ ಅಂಕಿಗಳಲ್ಲಿ ಕೆಲವು ಯಾವ ತಂದೆತಾಯಿಯನ್ನೂ ತಡೆದು ನಿಲ್ಲಿಸುವಂಥವು. ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆದುದು ಒಂದೇ ಮಂಚದ ಮೇಲೆ ಒಬ್ಬರಿಗಿಂತ ಹೆಚ್ಚು ಮಂದಿ ನೆಗೆಯುತ್ತಿದ್ದಾಗ. ಹಾಗೆ ಜೊತೆಯಾಗಿ ನೆಗೆಯುವವರಲ್ಲಿ ಅತ್ಯಂತ ಚಿಕ್ಕವನಿಗೆ ಪೆಟ್ಟಾಗುವ ಸಂಭವ ಭಾರವುಳ್ಳವನಿಗಿಂತ 14 ಪಟ್ಟಿನವರೆಗೆ ಅಧಿಕ. ಗಾಯಗೊಂಡವರಲ್ಲಿ ಐದು ವರ್ಷದವರೆಗಿನ ಮಕ್ಕಳನ್ನು ಬೇರೆಯಾಗಿ ಎಣಿಸಿದರೆ ಶೇಕಡ 48 ಮಂದಿಗೆ ಎಲುಬು ಮುರಿದಿತ್ತು, ಇಲ್ಲವೆ ಕೀಲು ತಪ್ಪಿತ್ತು. ಆರರಿಂದ ಹದಿನೇಳು ವರ್ಷದವರಲ್ಲಿ ಈ ಪ್ರಮಾಣ 29. ಅಂಕಿಗಳು ಅಮೆರಿಕದವು, ನಿಜ. ಆದರೆ ಅಯೋವಾದ ಮಗುವಿನ ಎಲುಬಿಗೂ ಕಮ್ಮರಡಿಯ ಮಗುವಿನ ಎಲುಬಿಗೂ ಭೇದವಿರುವುದಾಗಿ ಯಾವ ಶಾಸ್ತ್ರವೂ ಹೇಳುವುದಿಲ್ಲ.

ಇದರ ಕಾರಣವನ್ನು ತಿಳಿಯುವುದಕ್ಕೆ ದೊಡ್ಡ ಗಣಿತವೇನೂ ಬೇಡ. ಒಬ್ಬನೇ ನೆಗೆಯುತ್ತಿರುವಾಗ, ಅವನು ಕೆಳಗೆ ಬರುವ ಹೊತ್ತಿಗೆ ಚಾಪೆ ಸಮನಾಗಿ ನಿಂತು ಕಾದಿರುತ್ತದೆ. ಕಾಲೂರಿದೊಡನೆ ತಾನು ತಗ್ಗಿ ಅವನ ವೇಗವನ್ನು ಮೆಲ್ಲನೆ ನುಂಗುತ್ತದೆ. ಎಲ್ಲ ಸುಖವೂ ಆ ತಗ್ಗುವಿಕೆಯಲ್ಲಿದೆ. ಈಗ ಹದಿನೆಂಟು ಕಿಲೋ ತೂಕದ ಮಗುವಿನ ಸಂಗಡ ಮೂವತ್ತೈದು ಕಿಲೋ ತೂಕದ ದಾಯಾದಿ ಅಣ್ಣನೂ ಹತ್ತಿದನೆನ್ನೋಣ. ದೊಡ್ಡವನು ತುಳಿದು ಕೆಳಕ್ಕೊತ್ತಿದ ಚಾಪೆ ಅವನನ್ನು ಎಸೆಯುವುದಕ್ಕಾಗಿ ರಭಸದಿಂದ ಮೇಲೇರುತ್ತಿದೆ. ಸರಿಯಾಗಿ ಆ ಕ್ಷಣಕ್ಕೆ ಚಿಕ್ಕವನ ಕಾಲು ಅದರ ಮೇಲೆ ಇಳಿಯುತ್ತದೆ. ಕೆಳಕ್ಕೆ ಬರುವ ಕಾಲು, ಮೇಲಕ್ಕೆ ಬರುವ ಚಾಪೆ ಘಾಟಿಯ ತಿರುವಿನಲ್ಲಿ ಎದುರಾಗುವ ಎರಡು ಬಸ್ಸುಗಳಂತೆ. ಆಗ ಆ ಚಾಪೆ ಕಲ್ಲುಚಪ್ಪಡಿಗಿಂತ ಮೃದುವಲ್ಲ. ಪೆಟ್ಟು ಬೀಳುವುದು ಬಹುಮಟ್ಟಿಗೆ ಮೊಣಕಾಲಿನ ತುಸು ಕೆಳಗೆ, ಕಾಲಿನ ದೊಡ್ಡ ಎಲುಬು ಇನ್ನೂ ಬೆಳೆಯುತ್ತಿರುವ ಮೃದುವಾದ ಮೇಲ್ತುದಿಯಲ್ಲಿ. ವೈದ್ಯರು ಇದಕ್ಕೆ ಟ್ರ್ಯಾಂಪೊಲೀನ್ ಮುರಿತವೆಂದೇ ಹೆಸರಿಟ್ಟಿದ್ದಾರೆ. ಇದರ ವಿಚಿತ್ರವೆಂದರೆ ಮಗು ಎಲ್ಲಿಯೂ ಬಿದ್ದಿರುವುದಿಲ್ಲ, ಯಾವುದಕ್ಕೂ ಬಡಿದಿರುವುದಿಲ್ಲ, ರಕ್ತ ಬಂದಿರುವುದಿಲ್ಲ. ಸುಮ್ಮನೆ ಕುಳಿತುಬಿಡುತ್ತದೆ, ಕಾಲೂರಲು ಒಪ್ಪದು. ಹಟವೆಂದು ತಿಳಿದು ಗದರಿದ ತಾಯಿಯರೂ ಉಂಟು. ಎಕ್ಸ್‌ರೇ ಚಿತ್ರದಲ್ಲಿಯೂ ಗೆರೆ ಕೂದಲಿನಷ್ಟೇ ಸಣ್ಣದಾಗಿ ಕಾಣಬಹುದು. ಕೆಲವು ವಾರಗಳ ಪಟ್ಟಿಯಿಂದ ಬಹುತೇಕ ವಾಸಿಯಾಗುವ ಗಾಯವಿದು. ವಾಸಿಯಾಗದವು ಬೇರೆ ಇವೆ: ಪಲ್ಟಿ ಹೊಡೆಯಹೋಗಿ ಕತ್ತಿನ ಮೇಲೆ ಇಳಿದು, ಬೆನ್ನುಹುರಿ ಜಖಂ ಆದವು. ಅವು ಅಪರೂಪ, ಆದರೆ ಅಪರೂಪವೆಂಬ ಮಾತು ಅದಕ್ಕೀಡಾದ ಮನೆಯಲ್ಲಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಸುತ್ತ ಬಲೆಯಿದೆಯಲ್ಲವೆ ಎಂದು ಕೇಳುವುದು ಸಹಜ. ಬಲೆ ಹೊರಗೆ ಬೀಳುವುದನ್ನು ತಡೆಯಬಲ್ಲುದು. ಆದರೆ ಹೊರಗೆ ಬಿದ್ದು ಆಗುವ ಗಾಯಗಳು ಒಟ್ಟಿನಲ್ಲಿ ಮೂರರಲ್ಲೊಂದು ಪಾಲಿನ ಆಸುಪಾಸು. ಮಿಕ್ಕವೆಲ್ಲ ಬಲೆಯ ಒಳಗೇ ಆಗುವಂಥವು. ಮೇಲಾಗಿ ಬಲೆಯಿದೆಯೆಂಬ ಧೈರ್ಯದಿಂದ ಮಕ್ಕಳು ಇನ್ನಷ್ಟು ಎತ್ತರ ಹಾರುತ್ತಾರೆ, ಹಿರಿಯರು ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ. ಹಿರಿಯರು ಎದುರಿನಲ್ಲೇ ನಿಂತಿದ್ದಾಗ ಆದ ಗಾಯಗಳೂ ಆ ದಾಖಲೆಗಳಲ್ಲಿ ಕಡಮೆಯಿಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು. ಕಣ್ಣಿಗಿಂತ ಚಾಪೆಯ ವೇಗ ಹೆಚ್ಚು.

ಕಮ್ಮರಡಿಯ ಮನೆಗೆ ಬಂದೊದಗುವ ಇಕ್ಕಟ್ಟು ಇದೇ. ಮಂಚವನ್ನು ತರಿಸಬೇಕೆಂಬುದು ನಾಲ್ಕು ಮಕ್ಕಳು ಸೇರಲಿಯೆಂದು. ಮಂಚ ಕ್ಷೇಮವಾಗಿರುವುದು ಒಂದು ಮಗು ಒಂಟಿಯಾಗಿ ನೆಗೆದರೆ ಮಾತ್ರ. ಭಾನುವಾರ ಆಸೆಯಿಂದ ಬಂದ ನಾಲ್ವರಲ್ಲಿ ಮೂವರನ್ನು ಕೆಳಗೆ ಸಾಲಾಗಿ ನಿಲ್ಲಿಸಿ, ಒಬ್ಬನಾದ ಮೇಲೆ ಒಬ್ಬನನ್ನು ಹತ್ತಿಸಿ ಇಳಿಸುವುದು ಪಡಿತರದ ಅಂಗಡಿಯ ವ್ಯವಹಾರವಾದೀತೇ ಹೊರತು ಆಟವಾಗದು. ಎರಡನೆಯ ವಾರ ಅವರೂ ಬರಲಾರರು. ಒಟ್ಟಿಗೆ ಹತ್ತಲು ಬಿಟ್ಟರೆ ಪೆಟ್ಟು ಬೀಳುವುದು ಯಾರಿಗೆ? ಅವರೆಲ್ಲರಲ್ಲಿ ಚಿಕ್ಕವನಾದ, ಯಾರ ಸಲುವಾಗಿ ಇದೆಲ್ಲ ಬಂದಿತೋ ಆ ಐದು ವರ್ಷದವನಿಗೆ. ಅಥವಾ ಅವನಿಗಿಂತಲೂ ಚಿಕ್ಕದೊಂದು ನೆಂಟರ ಮಗುವಿಗೆ. ಆಗ ಮುರಿಯುವುದು ಎಲುಬಷ್ಟೇ ಆಗಿ ನಿಲ್ಲದು.

ಅಜ್ಜಂದಿರ ವಾದ ಇನ್ನೊಂದು ಬಗೆಯದು. ತಮ್ಮ ಕಾಲದಲ್ಲಿ ಮರಕೋತಿ ಆಡಿ ಹಲಸಿನ ಮರದಿಂದ ಬಿದ್ದವರೆಷ್ಟು, ಕೈ ಮುರಿದುಕೊಂಡವರೆಷ್ಟು! ನಾಟಿ ವೈದ್ಯನ ಬಿದಿರ ದಬ್ಬೆಯ ಕಟ್ಟು, ಎರಡು ತಿಂಗಳು ಶಾಲೆಗೆ ರಜ, ಮತ್ತೆ ಅದೇ ಮರ. ಎಲುಬು ಮುರಿಯದ ಬಾಲ್ಯವೂ ಒಂದು ಬಾಲ್ಯವೇ ಎಂದು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅಪಾಯವನ್ನೇ ಕಾಣದ ಮಗು ಅಪಾಯವನ್ನು ಅಳೆಯಲು ಕಲಿಯದು. ಆದರೆ ಮರಕ್ಕೂ ಮಂಚಕ್ಕೂ ಒಂದು ವ್ಯತ್ಯಾಸವಿದೆ. ಮರ ತನ್ನ ಎತ್ತರವನ್ನು ಮುಚ್ಚಿಡುವುದಿಲ್ಲ. ಹತ್ತುವವನು ತನ್ನ ತೋಳಿನ ಬಲದಿಂದಲೇ ಹತ್ತಬೇಕು. ಎರಡನೆಯ ಕೊಂಬೆಗೆ ಕೈ ನಿಲುಕದ ಮಗು ಮೊದಲನೆಯ ಕೊಂಬೆಯಲ್ಲೇ ಉಳಿಯುತ್ತದೆ. ಅಳವಿಗೆ ಮೀರಿದ ಎತ್ತರವನ್ನು ಮರ ಯಾರಿಗೂ ಕೊಡುವುದಿಲ್ಲ. ನೆಗೆಮಂಚವಾದರೋ ಏನೂ ಸಂಪಾದಿಸದ ಕಾಲುಗಳಿಗೆ ಕೇಳದೆಯೇ ಎತ್ತರವನ್ನು ಸಾಲ ಕೊಡುತ್ತದೆ. ಇನ್ನು ಮರದಿಂದ ಬಿದ್ದವರ ಕಥೆಯನ್ನು ನಗುತ್ತ ಹೇಳುವವರೆಲ್ಲ ಬದುಕಿ ಉಳಿದವರೆಂಬುದನ್ನೂ ನೆನೆಯಬೇಕು. ಉಳಿಯದವರ ಕಥೆಯನ್ನು ಜಗಲಿಯಲ್ಲಿ ಯಾರೂ ಎತ್ತುವುದಿಲ್ಲ.

ಪೇಟೆಯ ಮನೆಗೂ ತೋಟದ ಮನೆಗೂ ಇರುವ ಅಂತರವನ್ನು ಈ ಸಂದರ್ಭದಲ್ಲಿ ಗಮನಿಸದೆ ಗತಿಯಿಲ್ಲ. ಬೆಂಗಳೂರಿನಲ್ಲಿ ಮಗುವಿನ ಕೈ ಮುರಿದರೆ ಅದೇ ಬೀದಿಯಲ್ಲಿ ಎಲುಬಿನ ವೈದ್ಯರು. ಇಲ್ಲಿ ಮೊದಲು ಜೀಪನ್ನು ಹುಡುಕಬೇಕು. ಕೊಪ್ಪಕ್ಕೆ ಹೋಗಿ ತೋರಿಸಬೇಕು. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಒಂದೋ ತೀರ್ಥಹಳ್ಳಿಯ ಮೇಲಿನಿಂದ ಶಿವಮೊಗ್ಗ, ಇಲ್ಲವೆ ಆಗುಂಬೆಯ ಘಾಟಿ ಇಳಿದು ಮಣಿಪಾಲ. ಕಾಲು ಅಲುಗಿಸಿದರೆ ಚೀರುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಮಳೆಗಾಲದ ರಾತ್ರಿ, ಘಾಟಿಯ ತಿರುವುಗಳಲ್ಲಿ ಸಾಗುವ ಎರಡು ಗಂಟೆಯನ್ನು ಬೆಲೆಪಟ್ಟಿಯಲ್ಲಿ ಯಾವ ವ್ಯಾಪಾರಿಯೂ ನಮೂದಿಸುವುದಿಲ್ಲ. ತೋಟಕ್ಕೆ ಹಳದಿ ಎಲೆ ರೋಗ ಹತ್ತಿ ದಶಕಗಳಾದ ಮನೆಗಳಿವೆ. ಅದರ ಮೇಲೆ ಎಲೆಚುಕ್ಕೆಯ ಕಾಟ. ಅಂಥ ಕಡೆ ನಲವತ್ತು ಸಾವಿರವೆಂದರೆ ಎರಡು ಸಲದ ಔಷಧಿ ಸಿಂಪಡಣೆಯ ಖರ್ಚನ್ನು ಮುಂದಿಟ್ಟು ನೋಡಬೇಕಾದ ಮೊತ್ತ. ಹಾಗಿದ್ದೂ ತಂದೆ ಕೊಳ್ಳಲು ಸಿದ್ಧನಾಗಿದ್ದಾನೆಂದರೆ ಮಗುವಿನ ಒಂಟಿತನ ಅವನನ್ನು ಎಷ್ಟು ಕೊರೆದಿರಬೇಕು!

ಆದುದರಿಂದ ಆರು ವರ್ಷ ತುಂಬದ ಮಗುವಿಗೆ ದೊಡ್ಡ ನೆಗೆಮಂಚ ಬೇಡವೆಂಬುದೇ ಇಲ್ಲಿಯ ಅಭಿಪ್ರಾಯ. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಈಗಾಗಲೇ ತಂದು ನಿಲ್ಲಿಸಿದವರು ಅದನ್ನು ಗುಜರಿಗೆ ಹಾಕಬೇಕೆಂದಿಲ್ಲ. ಒಮ್ಮೆಗೆ ಒಬ್ಬರೆಂಬ ನಿಯಮವನ್ನು ಅತಿಥಿಗಳೆದುರೂ ಸಡಿಲಿಸದೆ ನಡೆಸಲಿ, ಪಲ್ಟಿಯನ್ನು ಪೂರ್ತಿಯಾಗಿ ನಿಷೇಧಿಸಲಿ, ತಂದೆ ತಾನೇ ಮಗುವನ್ನೆತ್ತಿಕೊಂಡು ನೆಗೆಯುವ ಉಲ್ಲಾಸವನ್ನು ಬಿಡಲಿ. ಎಪ್ಪತ್ತು ಕಿಲೋ ತೂಕದ ಪ್ರೀತಿ ಆ ಚಾಪೆಯ ಮೇಲೆ ಅಪಾಯಕಾರಿ. ಆಟ ಮುಗಿದೊಡನೆ ಏಣಿಯನ್ನು ತೆಗೆದು ಒಳಗಿಡಬೇಕು. ಮಳೆ ಹಿಡಿಯುವ ಮುನ್ನ ಬಿಚ್ಚಬೇಕು, ಜೋಡಿಸುವಾಗ ಒಂದೊಂದು ಸ್ಪ್ರಿಂಗನ್ನೂ ಕೈಯಾರೆ ಎಳೆದು ನೋಡಬೇಕು. ಎತ್ತರ ತಗ್ಗಲೆಂದು ನೆಲದಲ್ಲಿ ಗುಂಡಿ ತೋಡಿ ಮಂಚವನ್ನು ಅದರೊಳಗಿಡುವ ಪದ್ಧತಿ ಪರದೇಶದಲ್ಲಿದೆ. ಕೊಪ್ಪದ ಸೀಮೆಯಲ್ಲಿ ಆ ಗುಂಡಿ ಆಷಾಢದಲ್ಲಿ ಕಪ್ಪೆಗಳಿಗೆ ಅನುಕೂಲವಾದೀತು, ಅಷ್ಟೆ.

ಬೇಡವೆನ್ನುವುದು ಸುಲಭ, ಮಗುವಿನ ಕಾಲುಗಳಿಗೆ ಆ ಉತ್ತರ ಸಾಕಾಗದು. ಗಾಳಿಯಲ್ಲಿ ತೇಲುವ ಅರೆಕ್ಷಣದಲ್ಲಿ ಹೊಟ್ಟೆಯೊಳಗೆ ಏಳುವ ಆ ಕಚಗುಳಿ ನಿಜವಾದದ್ದು. ಅದನ್ನು ಲೆಕ್ಕಕ್ಕೆ ಹಿಡಿಯದ ವೈದ್ಯಶಾಸ್ತ್ರವೂ ಅರ್ಧಶಾಸ್ತ್ರವೇ. ಹುಲ್ಲುಬಣವೆಯ ಮೇಲಿಂದ ಜಾರಲಿ ಎಂದು ಹೇಳೋಣವೆಂದರೆ ಗದ್ದೆಗಳೆಲ್ಲ ತೋಟವಾದ ಮೇಲೆ ಬಣವೆಗಳೇ ಅಪರೂಪವಾಗಿವೆ. ಹಸುವಿನ ಹುಲ್ಲು ಬಯಲುಸೀಮೆಯಿಂದ ಲಾರಿಯಲ್ಲಿ ಬರುತ್ತದೆ. ಆದರೂ ಹಲಸಿನ ಮರದ ಕೊಂಬೆಗೆ ತಗ್ಗಾಗಿ ಕಟ್ಟಿದ ಜೋಕಾಲಿ, ಜಗಲಿಯ ಮೂಲೆಗೆ ಹಳೆಯ ಹತ್ತಿಹಾಸಿಗೆ ಎರಡು, ಗುಡ್ಡದ ಇಳಿಜಾರಿನಲ್ಲಿ ಕುಳಿತು ಎಳೆಸಿಕೊಳ್ಳುವುದಕ್ಕೆ ಅಡಿಕೆಹಾಳೆ—ಇವು ಎಲ್ಲ ಮನೆಗೂ ಎಟಕುವಂಥವು. ಹಾಳೆಯ ಗಾಡಿಯಲ್ಲಿ ಒಂದು ವಿಶೇಷವಿದೆ: ಎಳೆಯುವವನೊಬ್ಬ ಇಲ್ಲದೆ ಅದು ನಡೆಯದು. ಇಬ್ಬರಿದ್ದರೇನೇ ಆಟ.

ಜೊತೆಗಾರರ ಪ್ರಶ್ನೆಗೆ ಮಾತ್ರ ವಸ್ತುವಿನ ರೂಪದ ಉತ್ತರವಿಲ್ಲ. ಅಂಗಳಕ್ಕೆ ಮಕ್ಕಳನ್ನು ಎಳೆದುತರಲು ಮೂವತ್ತೈದು ಸಾವಿರ ವೆಚ್ಚ ಮಾಡುವ ಬದಲು ಮಗುವನ್ನೇ ಮಕ್ಕಳಿರುವಲ್ಲಿಗೆ ಕಳಿಸಬಹುದಷ್ಟೆ. ಭಾನುವಾರಕ್ಕೊಮ್ಮೆ ಆಟೋರಿಕ್ಷಾಕ್ಕೆ ಹೋಗಿಬರಲು ಮುನ್ನೂರು ರೂಪಾಯಿ ಕೊಟ್ಟರೂ ವರ್ಷಕ್ಕೆ ಹದಿನೈದು ಸಾವಿರದ ಆರುನೂರು. ಎರಡು ವರ್ಷಗಳ ಭಾನುವಾರಗಳನ್ನೆಲ್ಲ ಕಮ್ಮರಡಿಯ ಪೇಟೆಯಲ್ಲಿಯೋ, ವ್ಯಾನಿನಲ್ಲಿ ಉಳಿದುಹೋದ ಆ ಗೆಳೆಯರ ಮನೆಯಲ್ಲಿಯೋ ಕಳೆದ ಮೇಲೆಯೂ ಮೂರುಸಾವಿರದ ಎಂಟುನೂರು ಉಳಿಯುತ್ತದೆ. ಅಷ್ಟು ಹೊತ್ತಿಗೆ ಮಗುವಿಗೆ ಏಳು ತುಂಬಿರುತ್ತದೆ. ನೆಗೆಮಂಚದ ಮಾತನ್ನು ಆಗ ಅದೇ ಎತ್ತುತ್ತದೆಯೋ, ಸೈಕಲ್ಲು ಬೇಕೆನ್ನುತ್ತದೆಯೋ ಈಗಲೇ ಹೇಳುವುದು ಹೇಗೆ? ಹಬ್ಬದ ರಿಯಾಯಿತಿ ಮುಗಿಯುವುದರೊಳಗೆ ತೀರ್ಮಾನಿಸಬೇಕೆಂದು ಮೊಬೈಲು ಅವಸರಪಡಿಸುತ್ತಿರಬಹುದು. ಅದರ ಮರುವಾರ ಕೊಯ್ಲು; ಅಂಗಳ ಹೇಗೂ ಖಾಲಿಯಿರುವುದಿಲ್ಲ.